ಹನ್ನೆರಡು ತಾಸು

ಆಂಬುಲೆನ್ಸ್ ಮಗುಚಿ ಡ್ರೈವರ್ ತಿಪ್ಪೇಶ ತೀರಿಕೊಂಡನೆಂದು ಅವನ ಮನೆಗೆ ಆಫೀಸಿನಿಂದ ಫೋನ್ ಬಂತು. ಪಕ್ಕದ ಮನೆಯ ಓಬಕ್ಕ ಒಲೆ ಆರಿಸಿ ಓಡಿದಳು. ಅವಳ ಗಂಡ ಚೌಡಪ್ಪನೂ ತಿಪ್ಪೇಶನೂ ಒಂದೇ ಗಾಡಿಯ ಡ್ರೈವರುಗಳು. ಒಬ್ಬ ಇಳಿದರೆ ಇನ್ನೊಬ್ಬ ಹತ್ತಬೇಕು.

"ಚೌಡಪ್ಪಣ್ಣ ಉಳ್ಕಂಡ ಕಣಕ್ಕಾ," ಎಂದು ತಿಪ್ಪೇಶನ ಹೆಂಡತಿ ಗೌರಿ ಎದೆ ಬಡಿದುಕೊಂಡಳು. "ಬೆಳಿಗ್ಗೆ ಎಂಟಕ್ಕೆ ಅಣ್ಣಂದು ಹನ್ನೆರಡು ತಾಸು ಮುಗೀತು. ಅದರ ಮೇಲೆ ಓಡಿಸಂಗಿಲ್ಲ ಅಂತ ರೂಲ್ಸು. ಆ ಹಾಳು ಗಾಡಿ ಇವರ ಕೈಗೇ ಬರಬೇಕಿತ್ತೇನಕ್ಕಾ?"

ಓಬಕ್ಕ ಗೌರಿಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಮನಸ್ಸಿನಲ್ಲೇ ಆ ರೂಲ್ಸಿಗೆ ಕೈಮುಗಿದಳು, ಮುಗಿದದ್ದಕ್ಕೆ ನಾಚಿಕೊಂಡಳು. ಗಂಡ ಇನ್ನೂ ಮನೆಗೆ ಬಂದಿರಲಿಲ್ಲ. ಸುದ್ದಿ ಕೇಳಿ ಗೆಳೆಯನನ್ನು ನೋಡಲು ಓಡಿರಬೇಕು ಅಂದುಕೊಂಡಳು.

ಅಷ್ಟರಲ್ಲಿ ಗೌರಿ ಬಾಗಿಲ ಕಡೆ ನೋಡಿ ಚೀರಿದಳು. ಅಲ್ಲಿ ತಿಪ್ಪೇಶ ನಿಂತಿದ್ದ. ಅವನು ಹೆಂಡತಿಯತ್ತ ತಿರುಗಿಯೂ ನೋಡದೆ ಓಬಕ್ಕನ ಕಾಲ ಬಳಿ ಕುಸಿದ.

"ಡ್ಯೂಟಿಗೆ ಹೋದ ಕೂಡ್ಲೇ ಊರಲ್ಲಿ ಅವ್ವ ಬಿದ್ದಳು ಅಂತ ಫೋನ್ ಬಂತು ಅತ್ತಿಗೆ. ನೀನು ಹೋಗಿ ಬಾರೋ ಅಂತ ಅಣ್ಣನೇ ಡ್ಯೂಟಿ ಪುಸ್ತಕದಲ್ಲಿ ನನ್ನ ಹೆಸರು ಬರೆದು ಗಾಡಿ ಹತ್ತಿದ."