ವಾರ್ನಿಶ್ ಬಳಿದ ಸಮಾಳ

ವಾರ್ನಿಶ್ ವಾಸನೆ ಬಂದರೆ ಈಗಲೂ ಶಿಕಾರಿಪುರದ ದೊಡ್ಡಪ್ಪನ ಪಡಸಾಲೆಯೇ ಕಣ್ಣಿಗೆ ಕಟ್ಟುತ್ತದೆ. ವೀರಗಾಸೆಯವರು ಬಾರಿಸುವ ಸಮಾಳಗಳನ್ನು ಊರೂರು ಅಲೆದು ತಂದು ಅವರು ಗೋಡೆಗೆ ತೂಗುಹಾಕಿದ್ದರು. ಕೊರೆದ ಹಲಸಿನ ಮರದ ನುಣುಪಿಗೆ ನಾನು ಕೆನ್ನೆ ಒತ್ತಿ ನಿಲ್ಲುತ್ತಿದ್ದೆ. ಯಾರೂ ಬಾರಿಸುವಂತಿರಲಿಲ್ಲ.

ಒಂದು ಮಧ್ಯಾಹ್ನ, ಅವುಗಳಲ್ಲೊಂದನ್ನು ಮಾಡಿದ್ದ ಆನವಟ್ಟಿಯ ಅಜ್ಜ ಬಂದರು. ತಮ್ಮ ಸಮಾಳ ಇಳಿಸಿಕೊಂಡು, ಬಿಸಿಲಿಗೆ ಕಾಯಿಸಿ, ಕೋಲಿನಿಂದ ಬಾರಿಸಿದರು. ರಟ್ಟಿನ ಡಬ್ಬಿ ಬಡಿದಂತಾಯಿತು. ಅವರು ಚರ್ಮದ ಮೇಲೆ ಬೆರಳಾಡಿಸಿದರು.

"ಇದಕ್ಕೇನ್ ಬಳಿದೀರಿ?"

"ವಾರ್ನಿಶ್ ರೀ. ಹುಳ ಹಿಡೀಬಾರದು ಅಂತ ವರ್ಷಾ ವರ್ಷಾ ಎಲ್ಲದಕ್ಕೂ ಬಳೀತೀನಿ," ಎಂದರು ದೊಡ್ಡಪ್ಪ.

"ಚರ್ಮ ಬಿರುಸಾಗೇತಿ. ಇನ್ನಿದು ನುಡಿಯಂಗಿಲ್ಲ."

"ಬೇರೆ ಚರ್ಮ ಹಾಕಿಕೊಡ್ರಿ."

ಅಜ್ಜ ನಡುಗುವ ತಮ್ಮ ಕೈಗಳನ್ನು ಮುಂದೆ ಚಾಚಿ ತೋರಿಸಿದರು.

ಅವರನ್ನು ಬಸ್ಸು ಹತ್ತಿಸಿ ಬಂದ ದೊಡ್ಡಪ್ಪ ಸಮಾಳವನ್ನು ಮತ್ತೆ ಮೊಳೆಗೆ ತೂಗುಹಾಕಿ, ಒರೆಸಿ, ವಾರ್ನಿಶ್ ಡಬ್ಬಿಯ ಮುಚ್ಚಳ ತೆಗೆದರು.