ಏಣಿ ಹಿಡಿದವನು

ಕಾರ್ಖಾನೆಯಲ್ಲಿ ಕೆಲಸ ಹಂಚುವ ಹೊಸ ಸಾಫ್ಟ್‌ವೇರು, ಗೋದಾಮಿನ ಫ್ಯಾನ್ ರಿಪೇರಿಗೆ ಭಾವ, ಭಾಮೈದ ಇಬ್ಬರನ್ನೂ ಜೋಡಿ ಹಾಕಿಬಿಟ್ಟಿತ್ತು. ಈ ಇಬ್ಬರು ಫಿಟ್ಟರುಗಳು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಇಷ್ಟು ದಿನ ಕೆಲಸ ಹಂಚುತ್ತಿದ್ದ ಮೇಡಂ ಒಬ್ಬನನ್ನು ಬಾಯ್ಲರಿಗೆ ಹಾಕಿದರೆ ಇನ್ನೊಬ್ಬನನ್ನು ಗೇಟಿನ ಕಡೆಗೆ ಅಟ್ಟುತ್ತಿದ್ದಳು. ಬದಲಾಯಿಸೋಣ ಅಂತ ಮೌಸ್ ಹಿಡಿಯುವಷ್ಟರಲ್ಲಿ, ಗಾಜಿನಾಚೆ ಇಬ್ಬರೂ ಏಣಿ ಹೊತ್ತು ಹೋಗುತ್ತಿದ್ದರು. ಮಾತಿಲ್ಲದೆ ಅದು ಹೇಗೆ ಮಾಡ್ತಾರೋ ನೋಡೇಬಿಡೋಣ ಅನ್ನಿಸಿ ಅವಳು ಕೈ ತೆಗೆದಳು.

ಭಾಮೈದ ಹತ್ತಿದ, ಭಾವ ಏಣಿ ಹಿಡಿದ. ಮೇಲಿನವನು ಸುಮ್ಮನೆ ಕೈ ಚಾಚಿದರೆ ಸಾಕು, ಕೆಳಗಿನವನು ಬೇಕಾದ ಸ್ಪ್ಯಾನರನ್ನೇ ಕೊಡುತ್ತಿದ್ದ. ಫ್ಯಾನು ತಿರುಗಿತು. ಇಳಿಯುವಾಗ ಭಾಮೈದನ ಕಾಲು ಮೆಟ್ಟಿಲು ಸಿಗದೆ ಗಾಳಿಯಲ್ಲಿ ತಡಕಾಡಿತು. ಭಾವ ಆ ಪಾದವನ್ನು ಅಂಗೈಯಲ್ಲಿ ಹಿಡಿದು, ಮಗುವಿನದೇನೋ ಎಂಬಂತೆ ಮೆಟ್ಟಿಲ ಮೇಲಿಟ್ಟ.

ಆಮೇಲೆ ಇಬ್ಬರೂ ಅವಳ ಮೇಜಿನ ಮುಂದೆ ನಿಂತರು.

"ನಮ್ಮನ್ನ ಜೋಡಿ ಹಾಕಿದ್ದು ನೀವಾ ಮೇಡಂ?" ಭಾವ ಕೇಳಿದ.

"ನಾನಲ್ಲಪ್ಪ, ಸಾಫ್ಟ್‌ವೇರು. ನಿಮ್ಮಿಬ್ಬರ ವಿಷಯ ಅದಕ್ಕೆಲ್ಲಿ ಗೊತ್ತು? ಇನ್ನು ಹಾಕದ ಹಾಗೆ ಹೇಳಿಡ್ತೀನಿ."

ಭಾವ ಎಣ್ಣೆಗೈ ಒರೆಸುತ್ತ ನಿಂತ. ಭಾಮೈದ ಮೇಡಂ ಕಡೆ ನೋಡಲೇ ಇಲ್ಲ.

"ಅದಕ್ಯಾಕೆ ಹೇಳ್ಬೇಕು, ಭಾವ?" ಅಂದ.