ಮಧ್ಯಾಹ್ನದ ಗೋಲಿ

ಹತ್ತಿ ಗಿರಣಿಯಿಂದ ಮನೆಗೆ ಬಂದ ಮಾನಮ್ಮನಿಗೆ ಹೊಸ್ತಿಲಲ್ಲೇ ಎದುರಾದವನು ಮಗ ತಾಯಣ್ಣ. ಇನ್ನೂ ವರ್ಷ ತುಂಬದ ಕೂಸು ಮೈತುಂಬ ಮಣ್ಣು ಮೆತ್ತಿಕೊಂಡು, ರೊಟ್ಟಿಯ ಚೂರು ಚೀಪುತ್ತ ಅಂಬೆಗಾಲಿಟ್ಟು ಬಂತು. ಈ ಹೊತ್ತಿಗೆ ಅದು ಜೋಳಿಗೆಯಲ್ಲಿ ಮಲಗಿರಬೇಕಿತ್ತು. ಮಲಗಿದ್ದವಳು ಅದನ್ನು ನೋಡಿಕೊಳ್ಳಬೇಕಾದ ಮಗಳು ವೆಂಕಿ. ಹದಿನಾಲ್ಕರ ಹುಡುಗಿ ಗೋಡೆಯ ಮಗ್ಗುಲಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದಳು.

"ದೀಪ ಹಚ್ಚೋ ಹೊತ್ತಾಗ್ಯಾದ, ಇನ್ನಾ ಬಿದ್ದೀಯಲ್ಲಬೇ" ಎಂದು ಮಾನಮ್ಮ ಕೈ ಎತ್ತಿದಳು. ಅವಳ ಬಾಯಿಗೆ ರಾಯಚೂರಿನ ಆ ಓಣಿಗೆ ಓಣಿಯೇ ಹೆದರುತ್ತಿತ್ತು. ಗಿರಣಿಯ ಕೆಲಸದವರ ಮೇಲ್ವಿಚಾರಕ, ಮುಕದ್ದಮ ವಲಿ ಪಾಷಾನೊಬ್ಬನನ್ನು ಬಿಟ್ಟರೆ ಅವಳು ಯಾರಿಗೂ ಸೊಪ್ಪು ಹಾಕಿದವಳಲ್ಲ. ಅಷ್ಟರಲ್ಲಿ ವೆಂಕಿ ಕಣ್ಣು ಬಿಟ್ಟಳು. ಅರ್ಧ ತೆರೆದ, ಮಂಕು ಹಿಡಿದ ಕಣ್ಣು. ದೇವದುರ್ಗದಲ್ಲಿ ಅಫೀಮಿಗಾಗಿ ಎತ್ತಿನ ಜೋಡಿ ಮಾರಿದ ಮಾನಮ್ಮನ ಅಪ್ಪನ ಕಣ್ಣು ಹೀಗೇ ಇರುತ್ತಿದ್ದವು.

ಅಫೀಮು ಅವಳ ಮನೆಯಲ್ಲೂ ಇತ್ತು, ತೊಲೆಯ ಸಂದಿಯ ಡಬ್ಬಿಯಲ್ಲಿ. ತಾಯಿ ಹಗಲೆಲ್ಲ ಗಿರಣಿಯಲ್ಲಿದ್ದರೆ ಕೂಸಿಗೆ ಮೊಲೆಯಿಲ್ಲ. ಅದು ಅಳದೆ ಮಲಗಲೆಂದು ಅಫೀಮಿನ ಚಿಕ್ಕದೊಂದು ಗೋಲಿ ಕೊಡುವುದು ಓಣಿಯ ವಾಡಿಕೆ. ನಿಜಾಮ ಸರ್ಕಾರದ ಪರವಾನಗಿ ಇದ್ದ ಅಂಗಡಿಯಲ್ಲೇ ಸಿಗುತ್ತಿದ್ದುದರಿಂದ ಅದನ್ನು ಯಾರೂ ನಶೆಯೆಂದು ಕರೆದಿರಲಿಲ್ಲ. ಬೆಳಗಿನ ಗೋಲಿ ತಾಯಿ ಕೊಟ್ಟು ಹೋಗುತ್ತಿದ್ದಳು, ಮಧ್ಯಾಹ್ನದ್ದು ವೆಂಕಿಯ ಪಾಲಿನ ಕೆಲಸ.

ಎತ್ತಿದ ಕೈ ಹಾಗೇ ಇಳಿಯಿತು. ತವರಿನಲ್ಲಿ ಅವ್ವ ಬೈದಷ್ಟೂ ಅಪ್ಪ ಬಚ್ಚಿಡುವುದನ್ನು ಕಲಿತಿದ್ದ, ಬಿಡುವುದನ್ನಲ್ಲ. ಮಾನಮ್ಮ ಮಗಳ ಮುಖಕ್ಕೆ ನೀರು ಹಾಕಿ, ಗೋಡೆಗೆ ಒರಗಿಸಿ, ಎದುರಿಗೆ ತಾನೂ ಕುಳಿತಳು.

"ಹೊಡಿಯಲ್ಲ, ಬೈಯಲ್ಲ. ಖರೇ ಹೇಳು. ತಮ್ಮನ ಗೋಲಿ ನೀ ನುಂಗಾಕತ್ತೀಯೇನು?"

"ಹೂಂ ಯವ್ವಾ."

"ಯಾಕ?"

"ಮಗ್ಗಲ ಮನಿ ಬಡೇಬೀ ಅಮ್ಮಾನ ಮೊಮ್ಮಗ ಗೋಲಿ ತಿಂದು ಮಲಗಿದ್ದು ಏಳಲೇ ಇಲ್ಲ. ಎಲ್ಲಾರೂ ಗಾಳಿ ಬಡೀತು ಅಂದ್ರು. ನಾ ಅಲ್ಲೇ ಇದ್ದೆ, ಯಾವ ಗಾಳೀನೂ ಬಂದಿಲ್ಲ. ಅವತ್ತಿಂದ ತಾಯಣ್ಣಗ ಮಧ್ಯಾಹ್ನದ ಗೋಲಿ ಕೊಟ್ಟಿಲ್ಲ. ಅಮ್ಮಾನ ಆಡಿಗಿ ತಿನ್ನಾಕ ತಪ್ಪಲ ತಂದು ಹಾಕತೀನಿ, ಅಕಿ ಆಡಿನ ಹಾಲು ಕೊಡತಾಳ. ಅದನ್ನ ಕುಡಿಸತೀನಿ."

"ಚೆಲ್ಲಬೇಕಿತ್ತಿಲ್ಲ ಗೋಲಿ?"

"ನೀ ರೊಕ್ಕ ಕೊಟ್ಟು ತಂದಿದ್ದು, ಹೆಂಗ ಚೆಲ್ಲಲಿ? ಒಂದಿನ ನುಂಗಿದೆ. ಹಸಿವಿ ಗೊತ್ತಾಗಲಿಲ್ಲ. ಈಗ ನುಂಗದಿದ್ರ ಕೈ ನಡುಗತಾವ. ಬಿಡಾಕ ಆಗವಲ್ದು ಯವ್ವಾ."

"ಅದು ವಿಷ ಬೇ. ಇಷ್ಟು ದೊಡ್ಡಾಕಿ ಆಗಿ ತಿಳಿಯಲಿಲ್ಲೇನು?"

"ತಮ್ಮಗ ಔಷಧ ಅಂದಿದ್ದಿ. ನನಗ ವಿಷ ಹೆಂಗಾತು?"

ಮಾನಮ್ಮ ಕೂಸಿನ ಕಡೆ ತಿರುಗಿದಳು. ತಾಯಣ್ಣ ಅವಳ ಸೆರಗು ಜಗ್ಗಿ ಎದ್ದು ನಿಲ್ಲಲು ನೋಡುತ್ತಿದ್ದ. ಇದೇ ವಯಸ್ಸಿನಲ್ಲಿ ವೆಂಕಿ ಕುತ್ತಿಗೆ ನಿಲ್ಲದಂತೆ ಜೋಳಿಗೆಯಲ್ಲಿ ಬಿದ್ದಿರುತ್ತಿದ್ದಳು. ಅವಳಿಗೂ ಇದೇ ಗೋಲಿ. ಊರೆಲ್ಲ ಗಾಳಿಯ ಮೇಲೆ ಹಾಕಿದ್ದನ್ನು ಈ ಹುಡುಗಿ ಸರಿಯಾಗಿ ಕಂಡಿದ್ದಳು, ಯಾರಿಗೂ ಹೇಳದೆ ತಮ್ಮನನ್ನು ಕಾದಿದ್ದಳು. ತಾನು ಸೋತದ್ದನ್ನು ಮಾತ್ರ ಅವ್ವನ ಮುಖ ನೋಡಿ ಹೇಳಿದ್ದಳು. ಮಾನಮ್ಮನಿಗೆ ನಾಚಿಕೆಯಾಯಿತು, ಆದರೆ ಅದಕ್ಕಿಂತ ಮೊದಲು ಹೆಮ್ಮೆಯಾಯಿತು. ಇಂಥವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದಳಲ್ಲ ಎಂದು ಕಣ್ಣು ತುಂಬಿ ಬಂದವು.

"ತಪ್ಪು ನಂದು ವೆಂಕಿ. ನಮ್ಮವ್ವ ನನಗ ಕೊಟ್ಟಳು, ನಾ ನಿನಗ ಕೊಟ್ಟೆ. ಯಾರೂ ಕೇಳಿರಲಿಲ್ಲ, ನೀ ಕೇಳಿದಿ. ದವಾಖಾನಿ ಡಾಕ್ಟರಿಗಿ ತೋರಿಸಮು. ಸುಗ್ಗಿಗಿ ಹೋದ ನಿಮ್ಮಪ್ಪ ಬಂದ ಮ್ಯಾಲ ನಾನೇ ಹೇಳತೀನಿ. ಮತ್ತ ಬೇಕು ಅನಿಸಿದರ ಮುಚ್ಚಿಡಬ್ಯಾಡ, ನನ್ನ ಮುಂದ ಹೇಳು. ರಾತ್ರಿಯಾದ್ರೂ ಎಬ್ಬಿಸು."

ಎದ್ದು ಡಬ್ಬಿ ಇಳಿಸಿದಳು. ಒಳಗಿದ್ದುದನ್ನೆಲ್ಲ ಬಚ್ಚಲಿಗೆ ಸುರಿದು ಬಿಂದಿಗೆ ನೀರು ಹೊಯ್ದಳು.

ದವಾಖಾನೆಗೆ ತೋರಿಸಿದ ಮರುದಿನ ಮಾನಮ್ಮ ಇಬ್ಬರನ್ನೂ ಗಿರಣಿಗೆ ಕರೆತಂದಳು. ಅಂಗಳದ ಬೇವಿನ ಮರಕ್ಕೆ ಸಾಲಾಗಿ ಜೋಳಿಗೆ ಕಟ್ಟಿದ್ದರು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಹೆಂಗಸರ ಕೂಸುಗಳು ಗೋಲಿ ತಿಂದು ಅಲುಗಾಡದೆ ಮಲಗಿದ್ದವು. ಪಕ್ಕದಲ್ಲಿ ವೆಂಕಿ ಕಂಬಳಿ ಹೊದ್ದು, ನಡುಗುವ ಕೈಗಳಲ್ಲಿ ತಮ್ಮನನ್ನು ಬಿಗಿಯಾಗಿ ಹಿಡಿದು ಕುಳಿತಳು. ಅಳುವ ಕೂಸಿನ ತಾಯಿಗೆ ಗಿರಣಿಯಲ್ಲಿ ಕೆಲಸವಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ಅದು ಮಾನಮ್ಮನಿಗೂ ಗೊತ್ತಿತ್ತು.

ಮಧ್ಯಾಹ್ನ ಎಣ್ಣೆ ಬಿಡಲು ಯಂತ್ರಗಳನ್ನು ನಿಲ್ಲಿಸಿದಾಗ ಹಸಿದ ತಾಯಣ್ಣನ ಅಳು ಗಿರಣಿಯ ಮೂಲೆ ಮೂಲೆಗೂ ಕೇಳಿತು. ಹೆಂಗಸರು ಕೈಯಲ್ಲಿದ್ದ ಹತ್ತಿ ಬಿಟ್ಟು ಬಾಗಿಲ ಕಡೆ ನೋಡಿದರು. ವಲಿ ಪಾಷಾ ದಡದಡನೆ ಬಂದ.

"ಎಲ್ಲಾರ ಕೂಸೂ ಸುಮ್ಮನ ಮಲಗ್ಯಾವ. ನಿಂದಕ್ಕ ಏನಾಗ್ಯಾದ ಮಾನಮ್ಮ?"

ಮಾನಮ್ಮ ಸೆರಗಿನ ಹತ್ತಿ ಕೊಡವಿಕೊಂಡು, ಕೂಸಿಗೆ ಹಾಲು ಕೊಡಲು ಅವನ ಮುಂದೆಯೇ ಹೊರಗೆ ಹೊರಟಳು.

"ಏನೂ ಆಗಿಲ್ರೀ ಸಾಬ್. ನನ್ನ ಮಕ್ಕಳು ಇಬ್ಬರೂ ಎಚ್ಚರ ಅದಾರ."